ನಿಂಬೆ ಸಸಿಯ ಪಕ್ಕದ ಕಬ್ಬಿಣದ ಪೈಪು

ನಮ್ಮ ಮನೆಯ ಸಾಮಾನುಗಳನ್ನು ಮುಟ್ಟುವ ಮೊದಲು ಅವುಗಳ ಸ್ವಭಾವ ತಿಳಿದಿರಬೇಕು. ಜಗಲಿಯ ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಸೀಳಿದ್ದನ್ನು ಮಾವ ತಾಮ್ರದ ತಂತಿಯಲ್ಲಿ ಹೊಲಿದಿದ್ದಾರೆ, ಆಪರೇಷನ್ ಆದ ಹೊಟ್ಟೆಯ ಹಾಗೆ. ಒರಗಿ ಕೂತವರ ಅಂಗಿಯ ನೂಲು ಅದಕ್ಕೆ ಸಿಕ್ಕಿಕೊಂಡು ಬರುತ್ತದೆ. ಬೀರುವಿನ ಹಿಡಿ ಇದ್ದ ಜಾಗದಲ್ಲಿ ಬಗ್ಗಿಸಿದ ಚಮಚ ಇದೆ. ಕುಕ್ಕರಿನ ಮುಚ್ಚಳಕ್ಕೆ ಹಳೆಯ ಬಾಗಿಲ ಚಿಲಕವೇ ಹಿಡಿ. ಬಟ್ಟೆಯಿಲ್ಲದೆ ಮುಟ್ಟಿದರೆ ಕೈ ಸುಡುತ್ತದೆ. ನೆಂಟರು ಬಂದರೆ ಅತ್ತೆ ಕಾಫಿಗೂ ಮೊದಲು ಎಚ್ಚರಿಕೆ ಕೊಡುತ್ತಾರೆ: "ಎಡಕ್ಕೆ ವಾಲ್ಕೊಂಡು ಕೂತ್ಕಳಮ್ಮ. ಒರಗ್ಬ್ಯಾಡ."

ಮಾವ ಬಹಳ ವರ್ಷ ತೆಲುಗು ಗಡಿಯ ವೈ.ಎನ್.ಹೊಸಕೋಟೆಯ ಕಡೆ ಕಡಲೆಕಾಯಿ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಅಲ್ಲಿಂದ ತಂದದ್ದು ಎರಡು: ಒಂದು ಮೂಟೆ ಸ್ಪ್ಯಾನರು-ಸ್ಕ್ರೂಡ್ರೈವರು, ಮತ್ತು ಒಂದಿಷ್ಟು ತೆಲುಗು. ಮಧುಗಿರಿಯ ಅಂಚಿನ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷದಲ್ಲೇ ನಾನು ಒಂದು ವಿಷಯ ಗಮನಿಸಿದ್ದೆ. ಮಾವ ಸಾಮಾನ್ಯವಾಗಿ ಕನ್ನಡದಲ್ಲೇ ಮಾತಾಡುತ್ತಾರೆ. ಮುಚ್ಚಿಟ್ಟದ್ದನ್ನು ಯಾರಾದರೂ ಕೆದಕಿದರೆ ತೆಲುಗು ಹೊರಬರುತ್ತದೆ.

ಈ ವರ್ಷ ಯುಗಾದಿ ಕಳೆದ ಮೇಲೆ ತವರಿನಿಂದ ನನಗೊಂದು ಹಸು ಬಂತು. ತೋವಿನಕೆರೆಯ ಹತ್ತಿರ ಅಮ್ಮ ತಾನೇ ಸಾಕಿದ ಕಂದು ಹಸು, ಹಣೆಯಲ್ಲಿ ಬಿಳಿ ಮಚ್ಚೆ. ಹಿತ್ತಿಲ ಸಿಮೆಂಟಿನ ಬಾನಿಯಲ್ಲಿ ಎರಡು ವಾರ ಗಟಗಟ ಕುಡಿಯಿತು, ಹಾಲೂ ಚೆನ್ನಾಗಿ ಕೊಟ್ಟಿತು. ಆಮೇಲೆ ಒಂದು ಸಂಜೆ ಗಾಳಿ ಮಳೆ ಬಂದು ಕರೆಂಟು ಹೋಯಿತು. ಮರುದಿನ ನಾನೂ ಅತ್ತೆಯೂ ಕೊರಟಗೆರೆಗೆ ಒಂದು ನಾಮಕರಣಕ್ಕೆ ಹೋಗಿ ಬರುವಷ್ಟರಲ್ಲಿ ಮಾವ ಏನೋ ಮಾಡಿ ದೀಪ ಹತ್ತಿಸಿದ್ದರು. "ಫ್ಯೂಸ್ ಹೋಗಿತ್ತು" ಎಂದರು. ಲೈನ್‌ಮನ್‌ಗೆ ಫೋನ್ ಮಾಡಿ ಬರಬೇಡ ಎಂದೂ ಹೇಳಿಬಿಟ್ಟಿದ್ದರು.

ಅದೇ ವಾರ ಹಸು ಬಾನಿಯನ್ನು ಬಿಟ್ಟಿತು. ಬಾಯಾರಿ ಓಡಿಬರುವುದು, ಮೂತಿ ನೀರಿಗೆ ತಾಗಿದ ಕೂಡಲೇ ತಲೆ ಕೊಡವಿ ಹಿಂದೆ ಸರಿಯುವುದು. ಅದೇ ನೀರನ್ನು ಪ್ಲಾಸ್ಟಿಕ್ ಬಕೀಟಿನಲ್ಲಿ ಕೊಟ್ಟರೆ ಕುಡಿಯುತ್ತಿತ್ತು. ಮಂಡಿ ನೋವಿನ ಅತ್ತೆ ಎಷ್ಟು ಬಕೀಟು ಹೊತ್ತಾರು? ನಾನು ಹೊತ್ತೆ, ಸಾಲುತ್ತಿರಲಿಲ್ಲ. ಹಾಲು ಇಳಿಯಿತು.

"ನಿಮ್ಮಮ್ಮ ಹಸೀಗೂ ಬಕೀಟಲ್ಲಿ ಕುಡ್ಸಿ ಕೆಡಿಸವ್ರೆ ಕಣಮ್ಮ" ಎಂದರು ಅತ್ತೆ. "ಬಾನಿ ಅಂದ್ರೆ ಅದಕ್ಕೆ ಹೇಸಿಗೆ. ಮಹಾರಾಣಿ."

ನಾನು ಬಕೀಟು ಎತ್ತಿಕೊಂಡು ಹೊರಟೆ. ಕಾನ್ವೆಂಟಿನ ಸಿಸ್ಟರುಗಳು ಹಿರಿಯರಿಗೆ ಎದುರಾಡಬೇಡಿ ಎಂದು ಕಲಿಸಿದ್ದರು. ಆ ಪಾಠ ನನ್ನ ಮೈಗೆ ಅಂಟಿಬಿಟ್ಟಿದೆ. ಆದರೆ ಅತ್ತೆ ಇದನ್ನೇ ಫೋನಿನಲ್ಲಿ ನಮ್ಮಮ್ಮನಿಗೂ ಹೇಳಿದರು. ಸೋಮವಾರ ಬರಗೂರಿನಿಂದ ದನದ ದಲ್ಲಾಳಿ ಬರುವುದೆಂದು ನಿಶ್ಚಯವಾಯಿತು. ಅಮ್ಮ ಕೊಟ್ಟ ಹಸುವನ್ನು ಕೆಟ್ಟ ಹಸು ಎಂದು ಟೆಂಪೊ ಹತ್ತಿಸುತ್ತಾರೆ; ನನ್ನ ಕೈಯಲ್ಲಿ ಐದು ದಿನ ಇತ್ತು.

ನನಗೆ ಮೊದಲು ಅನುಮಾನ ಬಂದದ್ದು ನಿಂಬೆ ಸಸಿಯ ಮೇಲೆ.

ಜೀವಮಾನದಲ್ಲಿ ಒಂದು ಗಿಡಕ್ಕೂ ನೀರು ಹಾಕದ ಮಾವ ಬಾನಿಯ ಪಕ್ಕ ಗೇಣುದ್ದದ ನಿಂಬೆ ಸಸಿ ನೆಟ್ಟಿದ್ದರು. ಬೆಳಿಗ್ಗೆ ಒಂದು ಬಿಂದಿಗೆ, ಮಧ್ಯಾಹ್ನ ಒಂದು, ಸಂಜೆ ಒಂದು. ಅತ್ತೆಗೆ ಸಂತೋಷ: "ವಯಸ್ಸಾದ ಮೇಲಾದ್ರೂ ಬುದ್ಧಿ ಬಂತು ಬುಡು." ಸಸಿಯನ್ನು ಒಂದು ಕಬ್ಬಿಣದ ಪೈಪಿಗೆ ಕಟ್ಟಿದ್ದರು. ಪೈಪು ನನ್ನ ಎದೆಮಟ್ಟ ಇತ್ತು.

"ಮಾವ, ಇಷ್ಟು ಸಣ್ಣ ಗಿಡಕ್ಕೆ ಇಷ್ಟು ದೊಡ್ಡ ಪೈಪು ಯಾಕೆ?"

"ಆಸರೆಗೆ ಕಣಮ್ಮ. ನಾಳೆ ಬೆಳೆಯಲ್ವಾ ಅದು?"

"ಅದರ ಬುಡದಲ್ಲಿ ಏನೋ ಕೆಂಪಗೆ ಕಾಣ್ತಿದೆಯಲ್ಲ?"

"ಏಮೀ ಲೇದಮ್ಮಾ, ಏಮೀ ಲೇದು" ಎನ್ನುತ್ತಾ ಮಾವ ಕಾಲಿನಿಂದ ಮಣ್ಣು ತಳ್ಳಿದರು. ಏನೂ ಇಲ್ಲವಂತೆ, ಅದೂ ತೆಲುಗಿನಲ್ಲಿ.

ಅಂದು ಮಧ್ಯಾಹ್ನ ನಡುಮನೆಯಲ್ಲಿ ಅವರೆಕಾಳು ಆರಿಸುತ್ತಾ ಕೂತಿದ್ದೆ. ಮಳೆ ಬಂದ ವಾರದಿಂದ ನಮ್ಮ ಫ್ಯಾನು ಆಯಾಸಗೊಂಡವರ ಹಾಗೆ ತಿರುಗುತ್ತಿತ್ತು. ಹಿತ್ತಿಲಲ್ಲಿ ಬಿಂದಿಗೆ ಮಗುಚಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಫ್ಯಾನು ಚುರುಕಾಗಿ, ಮೊರದ ಸಿಪ್ಪೆ ಹಾರತೊಡಗಿತು. ಮರುದಿನವೂ ನೋಡಿದೆ. ಬಿಂದಿಗೆ ಮಗುಚಿತು, ಫ್ಯಾನು ಜೋರಾಯಿತು. ನಿಂಬೆ ಗಿಡ ನೀರು ಕುಡಿದರೆ ನಮ್ಮ ಫ್ಯಾನಿಗೆ ಯಾಕೆ ಶಕ್ತಿ ಬರಬೇಕು?

ಶನಿವಾರ ಹೊತ್ತಾರೆಯಿಂದ ಊರಿಗೆಲ್ಲ ಕರೆಂಟು ಇರಲಿಲ್ಲ. ಹಸುವನ್ನು ನೆರಳಿಗೆ ಕಟ್ಟಲು ಹೊರಟಿದ್ದೆ; ಅದು ನನ್ನನ್ನೇ ಎಳೆದುಕೊಂಡು ಬಾನಿಗೆ ಹೋಗಿ, ತಲೆ ಎತ್ತದೆ ಅರ್ಧ ಬಾನಿ ಕುಡಿಯಿತು. ಸಂಜೆ ಕರೆಂಟು ಬಂದ ಮೇಲೆ ಮತ್ತೆ ಅದೇ ಹೆದರಿಕೆ. ನಾನು ಚಪ್ಪಲಿ ಹಾಕಿಕೊಂಡು ಬಾನಿಯ ನೀರಿಗೆ ಬೆರಳು ಅದ್ದಿದೆ, ಏನೂ ಆಗಲಿಲ್ಲ. ಚಪ್ಪಲಿ ಬಿಟ್ಟು ಒದ್ದೆ ನೆಲದಲ್ಲಿ ನಿಂತು ಅದ್ದಿದೆ. ಕೆಂಜಿರುವೆಗಳು ಮೊಣಕೈವರೆಗೆ ಹತ್ತಿದಂತಾಯಿತು. ಈಗ ಬರೆಯುವಾಗ ಅದೆಂಥ ಹುಚ್ಚುತನ ಎನ್ನಿಸುತ್ತದೆ. ಹಸು ಪಾಪ, ಚಪ್ಪಲಿ ಎಲ್ಲಿಂದ ತರಬೇಕು?

ಕಂಬದಿಂದ ಮನೆಗೆ ಎರಡು ತಂತಿ ಬರುತ್ತವೆ, ಒಂದರಲ್ಲಿ ಕರೆಂಟು ಬಂದು ಇನ್ನೊಂದರಲ್ಲಿ ವಾಪಸು ಹೋಗುತ್ತದೆ ಎಂಬುದು ನನಗೆ ಶಾಲೆಯಿಂದ ನೆನಪಿತ್ತು. ಗಾಳಿಗೆ ಆ ವಾಪಸಿನ ತಂತಿ ತುಂಡಾಗಿರಬೇಕು. ಮಾವ ಅದರ ಬದಲು ಮನೆಯಿಂದ ಒಂದು ಕೆಂಪು ತಂತಿ ತಂದು ಪೈಪಿಗೆ ಸುತ್ತಿ ನೆಲಕ್ಕೆ ಹೂತಿದ್ದಾರೆ, ನೆಲವೇ ವಾಪಸು ಹೊತ್ತುಕೊಂಡು ಹೋಗಲಿ ಎಂದು. ನೆಲ ಒದ್ದೆಯಿದ್ದಷ್ಟೂ ಫ್ಯಾನಿಗೆ ಸುಖ, ಪಕ್ಕದ ಬಾನಿಯ ನೀರಿಗೆ ಕರೆಂಟು. ನಿಂಬೆ ಸಸಿ ಬರೀ ಮುಖವಾಡ.

ಭಾನುವಾರವೇ ಹೇಳಬಹುದಿತ್ತು. ಹೇಳಲು ಹೋದೆ ಕೂಡ. ಮಾವ ಸಸಿಯ ಎಲೆಯ ಧೂಳನ್ನು ಟವೆಲಿನಿಂದ ಒರೆಸುತ್ತಿದ್ದರು, ಹಾಗೇ ವಾಪಸು ಬಂದೆ.

ಸೋಮವಾರ ದಲ್ಲಾಳಿ ಬಂದ. ಹಸುವಿನ ತುಟಿ ಎತ್ತಿ ಹಲ್ಲು ನೋಡಿದ, ಕೆಚ್ಚಲು ಮುಟ್ಟಿದ, ಬಾನಿಯ ಹತ್ತಿರ ಬಿಟ್ಟ. ಹಸು ತಲೆ ಕೊಡವಿತು.

"ಇದ್ರಾಗೆ ಏನೋ ಅದೆ ಕಣಮ್ಮ" ಎಂದ ಅತ್ತೆಗೆ. "ನೀರ್ ಮುಟ್ಟದ ಹಸೀನ ಯಾರ್ ಕೊಳ್ತಾರೆ? ಕೊಟ್ಟಷ್ಟು ಇಸ್ಕೊಂಡು ಹಗ್ಗ ಕೊಡಿ."

ಅತ್ತೆ ಹಗ್ಗಕ್ಕೆ ಕೈ ಹಾಕಿದರು. ನಾನು ಒಳಗೆ ಓಡಿ ಮೈನ್ ಸ್ವಿಚ್ ಕೆಳಗೆಳೆದು ಬಂದೆ.

"ಅತ್ತೆ, ಈಗ ಬಿಡಿ."

ಹಸು ಒಂದು ಸಲ ಮೂಸಿತು. ಆಮೇಲೆ ಬಾನಿಗೆ ಮೂತಿ ಇಟ್ಟು ಎಳೆಯತೊಡಗಿತು.

"ಇದೇನ್ಲಾ!" ಎಂದ ದಲ್ಲಾಳಿ. "ಮಂತ್ರ ಗಿಂತ್ರ ಹಾಕುದ್ರೇನಮ್ಮ?"

"ಕರೆಂಟ್ ತೆಗೆದೆ" ಎಂದೆ. ಕೋಲಿನಿಂದ ಸಸಿಯ ಬುಡದ ಮಣ್ಣು ಸರಿಸಿ, ಕೆಂಪು ತಂತಿ ಗೋಡೆಯ ಬುಡದಲ್ಲಿ ಗೋಣಿಚೀಲದ ಅಡಿ ಹಾದು ಕಿಟಕಿಗೆ ಏರಿದ್ದನ್ನು ತೋರಿಸಿದೆ. ಮಾವನ ಮುಖ ನೋಡಲಿಲ್ಲ.

"ಏಮೀ ಲೇದು, ಅದು…" ಎಂದರು ಮಾವ.

"ತೆಲುಗು ಬಂತಾ?" ಅತ್ತೆ ತಿರುಗಿದರು. "ಹಂಗಾರೆ ನಿಮ್ದೇ ಕೆಲ್ಸ! ಮೂಗಪ್ರಾಣಿ ಮೂತಿಗೆ ಕರೆಂಟ್ ಕೊಟ್ಟು, ನನ್ ಬಾಯಲ್ಲಿ ಬೀಗಿತ್ತಿಗೆ ಇಲ್ಲದ ಮಾತ್ ಆಡಿಸಿದ್ರಲ್ಲ! ಹಸ ಕೊಡಲ್ಲ ಕಣಪ್ಪ. ಟೆಂಪೊ ಖಾಲಿ ಹೋಗ್ಬ್ಯಾಡ, ಬೇಕಾರೆ ಇವರನ್ನ ಹತ್ತುಸ್ಕೊಂಡೋಗು."

ದಲ್ಲಾಳಿ ಮಾವನನ್ನು ಮೇಲಿಂದ ಕೆಳಗೆ ನೋಡಿ, "ಇವರಿಗೆ ಹಲ್ಲೆಷ್ಟವೆ?" ಎಂದ.

ಮಧ್ಯಾಹ್ನ ನಾನೇ ಲೈನ್‌ಮನ್‌ಗೆ ಫೋನ್ ಮಾಡಿದೆ. ಬಂದವನು ಕಂಬ ಹತ್ತಿ ತಂತಿ ಸೇರಿಸಿ, ಇಳಿದು, ನಗುನಗುತ್ತಾ ಹಿತ್ತಿಲಿಗೆ ಬಂದು ಪೈಪು ನೋಡಿದ. ಅವನ ನಗು ನಿಂತುಹೋಯಿತು.

"ಒದ್ದೆ ನೆಲದಾಗೆ ಇದನ್ನ ಮುಟ್ಟಿದ್ರೆ ಮನುಷ್ಯನೇ ಉಳೀತಿರ್ಲಿಲ್ಲ. ಇಲ್ಲಿ ಬಟ್ಟೆ ಒಗೆಯೋರು ಯಾರು?"

"ನಾನೇ" ಎಂದರು ಅತ್ತೆ.

ಮಾವ ಬಿಂದಿಗೆ ಕೆಳಗಿಟ್ಟರು. ಒಗೆಯುವ ಕಲ್ಲಿನಿಂದ ಪೈಪಿನವರೆಗೆ ಕಣ್ಣಿನಲ್ಲೇ ಅಳೆದರು. ಅಷ್ಟು ದಿನ ಅತ್ತೆ ಕೂತು ಬಟ್ಟೆ ಒಗೆದ ಕಲ್ಲಿಗೂ ಆ ಪೈಪಿಗೂ ಮಧ್ಯೆ ಎರಡು ಮಾರು ದೂರವೂ ಇರಲಿಲ್ಲ. ಅದನ್ನು ಅವರು ಆಗಲೇ ಮೊದಲ ಸಲ ಕಂಡರು ಎಂದು ನನಗೆ ಅನ್ನಿಸುತ್ತದೆ.

"ಯಾರ್ ಮಾಡಿದ್ದು ಇದು?" ಲೈನ್‌ಮನ್ ಗದರಿದ.

ಅತ್ತೆ ಒಂದು ಕ್ಷಣ ಮಾವನ ಮುಖ ನೋಡಿದರು. "ಯಾರೋ ಕೆಲ್ಸದವನು ಕಣಪ್ಪ. ದಾರಿಲಿ ಹೋಗೋನು. ನಾವು ಕೊರಟಗೆರೆಗೆ ಹೋಗಿದ್ವಿ, ಮುಖ ನೋಡಿಲ್ಲ."

"ಹೌದು" ಎಂದೆ ನಾನು.

ಲೈನ್‌ಮನ್ ನಂಬಲಿಲ್ಲ. ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡುತ್ತಾ, ಕೆಂಪು ತಂತಿ ಬಿಚ್ಚಿ ಹಾಕಿ, ಪೈಪನ್ನು ಎರಡೂ ಕೈಯಲ್ಲಿ ಹಿಡಿದು ನೆಲದಿಂದ ಕಿತ್ತ.