ಪಹಚಾನ್

ನಿಜಾಮರ ಕಾಲದಲ್ಲಿ ತಾಂಡೂರಿಗೆ ಮಾಸ್ತರಾಗಿ ಹೋದಾಗ ಆ ಊರಲ್ಲಿ ನನ್ನನ್ನು ನಾಯಿ ಕೂಡ ಮೂಸುತ್ತಿರಲಿಲ್ಲ. ಜಾಗೀರದಾರರ ಪುಸ್ತಕಭಂಡಾರ, ಕುತುಬ್‌ಖಾನೆಯಲ್ಲಿ ಹಳಗನ್ನಡದ ತಾಳೆಗರಿ ಕಟ್ಟುಗಳಿವೆಯೆಂದು ಕೇಳಿ, ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋದೆ. ಪುಸ್ತಕ ಕಾಯುವ ಮುದುಕ ಸಾಹೇಬರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಯಾರ ಬಂದ್ರೂ ತೋರಸ್ತೀವ್ರಿ ಮಾಸ್ತರ. ಆದ್ರ ನಿಮ್ಮನ್ನ ಬಲ್ಲವರು, ಪಹಚಾನ್‌ದವರು ಒಬ್ರು ಊರಾಗ ಬೇಕು. ಯಾರದಾರ?"

"ಯಾರೂ ಇಲ್ರಿ."

ಸಾಹೇಬರು ಗಡ್ಡ ಕೆರೆದುಕೊಂಡರು. "ಹಂಗಾದ್ರ ದಿನಾ ಬಂದು ಈ ಕಟ್ಟಿ ಮ್ಯಾಲ ಕೂಡ್ರಿ. ನನಗ ಪಹಚಾನ್ ಆಗ್ಲಿ."

ದಿನಾ ಹೋದೆ. ಅವರು ತೀರಿಹೋದ ಹೆಂಡತಿಯ ಮಾತು ತೆಗೆಯುತ್ತಿದ್ದರು. ನಾನು ನಮ್ಮೂರು ಕಂಗ್ಟಿಯ ಜೋಳದ ಹೊಲ, ಅವ್ವನ ಪುಂಡಿಪಲ್ಲೆ ನೆನೆಯುತ್ತಿದ್ದೆ. ಹಗಲೆಲ್ಲ ಉರ್ದುವಿನಲ್ಲಿ ಪಾಠ ಹೇಳುವ ನನ್ನ ಬಾಯಿಗೆ ಕನ್ನಡ ಬರುತ್ತಿದ್ದುದು ಆ ಕಟ್ಟೆಯ ಮೇಲೆ ಮಾತ್ರ.

ಒಂದು ಸಂಜೆ ಸಾಹೇಬರು ಎದ್ದು ನಿಂತರು. "ಪಹಚಾನ್ ಆತ್ರಿ. ಇನ್ನ ನಾನೇ ಸಾಕ್ಷಿ. ಒಳಗ ಬರ್ರಿ."

ಕಟ್ಟು ಬಿಚ್ಚಿ ನನ್ನ ಮುಂದಿಟ್ಟರು. ಮೊದಲ ಗರಿ ಓದಿದ ಖುಷಿಗೆ, "ಸಾಹೇಬ್ರ, ಇಲ್ಲಿ ನೋಡ್ರಿ" ಅಂದೆ. ಅವರು ತುಟಿಯ ಮೇಲೆ ಬೆರಳಿಟ್ಟು ಗೋಡೆಯ ಫಲಕ ತೋರಿಸಿದರು. ಒಳಗೆ ಮಾತಾಡುವಂತಿಲ್ಲ. ಆಮೇಲೆ ಬಾಗಿಲಿಗೆ ಹೋಗಿ, ನನಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತರು. ಕತ್ತಲಾಗುವವರೆಗೆ ಒಬ್ಬನೇ ಓದಿದೆ. ತಲೆಗೆ ಒಂದಕ್ಷರ ಹತ್ತಲಿಲ್ಲ.

ಮರುದಿನ ಸಾಹೇಬರು ನನ್ನನ್ನು ಕಂಡವರೇ, "ಹೋಗ್ರಿ ಒಳಗ, ಈಗ ನಿಮ್ಮನ್ನ ಯಾರೂ ತಡಿಯಂಗಿಲ್ಲ" ಅಂದರು.

ನಾನು ಕಟ್ಟೆಯ ಮೇಲೆ ಕೂತೆ. "ಇವತ್ತೊಂದಿನ ನನ್ನ ಪಹಚಾನ್ ಮರತುಬಿಡ್ರಿ, ಸಾಹೇಬ್ರ."