ಐದನೇ ತಾಟು

ನಾರಾಯಣಪೇಟೆ, ಕ್ರಿಸ್‌ಮಸ್ ಹಿಂದಿನ ಸಂಜೆ.

ಈ ಸಲದ ಹಬ್ಬಕ್ಕೆ ಪೋಲೆಂಡಿನಿಂದ ನನ್ನ ಗಂಡನ ಜೊತೆ ಅತ್ತೆಯೂ ನನ್ನ ತವರಿಗೆ ಬಂದಿದ್ದಾರೆ. ಮೊದಲ ಚುಕ್ಕಿ ಮೂಡುವವರೆಗೆ ಊಟವಿಲ್ಲ ಎಂದು ಮಾಳಿಗೆ ಮೇಲೆ ನಿಂತಿದ್ದ ಅತ್ತೆ, ಅದು ಕಂಡದ್ದೇ ಇಳಿದು ಬಂದು ತಾಟು ಹಾಕಿದರು. ಅವ್ವ ಸೇರಿ ನಾವು ನಾಲ್ವರು, ತಾಟು ಐದು.

"ಇನ್ನೊಂದು ಯಾರಿಗವ್ವಾ?" ರೊಟ್ಟಿ ಬಡಿಯುತ್ತಿದ್ದ ಅವ್ವ ನನ್ನನ್ನು ಕೇಳಿದಳು.

"ಹೇಳದ ಬರೋರಿಗಂತ. ಅವರ ಪದ್ಧತಿ. ಅಲ್ಲಿ ಯಾರೂ ಬರಂಗಿಲ್ಲ, ತಾಟು ಹಂಗ ಒಳಗ ಹೋಗತೈತಿ."

ಅವ್ವನಿಗೆ ಇದು ತಿಳಿಯಲಿಲ್ಲ. ಉಣ್ಣುವ ಹೊತ್ತಿಗೆ ಯಾರೂ ಬಾರದ ಮನೆಯನ್ನು ಅವಳು ಕಂಡೇ ಇಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಶಾಂತಕ್ಕ ಹಾಲಿಗೆ ಹೆಪ್ಪು ಕೇಳಲು ಬಂದಳು. ಈಗಷ್ಟೇ ಮಗ್ಗ ಬಿಟ್ಟು ಎದ್ದಿದ್ದಳು, ಕೂದಲಲ್ಲಿ ಕೆಂಪು ನೂಲಿನ ಎಳೆ ಇತ್ತು. ಅತ್ತೆ ಒಂದು ಕ್ಷಣ ಬಾಗಿಲನ್ನೇ ನೋಡಿದರು. ಆಮೇಲೆ ಓಡಿಹೋಗಿ ಅವಳ ಕೈ ಹಿಡಿದು ತಂದು ಐದನೇ ತಾಟಿನ ಮುಂದೆ ಕೂರಿಸಿದರು. ಅವರ ಆಯುಷ್ಯದಲ್ಲಿ ಆ ತಾಟಿಗೆ ಬಂದವರಲ್ಲಿ ಇವಳೇ ಮೊದಲು.

ಶಾಂತಕ್ಕ ಹೆಪ್ಪಿನ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು:

"ನಾ ಬರ್ತೀನಂತ ಈ ಅಮ್ಮಗ ಹ್ಯಾಂಗ ಗೊತ್ತಾತವ್ವಾ?"