ಮಲ್ಲಣ್ಣ ಕಾಕಾನ ಮಾತು, ನನ್ನ ಚಪ್ಪಾಳೆ

ಸುರಪುರ, ಶಹಾಪುರ, ಯಾದಗಿರಿ — ಮೂರೂ ಕಡೆ ನನಗೆ ಹೆಸರು ತಂದುಕೊಟ್ಟ ಆ ಗೌಡನ ಪಾತ್ರದ ದೊಡ್ಡ ಮಾತು ನಾಟಕದ ಪುಸ್ತಕದಲ್ಲಿ ಇರಲಿಲ್ಲ. ನಾನು ಹುಟ್ಟಿಸಿದ್ದೂ ಅಲ್ಲ. ನನ್ನನ್ನು ನಂಬಿದ ಒಬ್ಬ ಮನುಷ್ಯ ನನ್ನೊಬ್ಬನಿಗೆ ಹೇಳಿದ್ದನ್ನು ಕದ್ದು, ಊರ ಮುಂದೆ ಕೂಗಿ ಹೇಳಿದೆ. ಹದಿನಾರು ವರ್ಷವಾಯಿತು. ಇವತ್ತಿಗೂ ಜನ ಅದನ್ನು ನನ್ನ ಪ್ರತಿಭೆ ಅಂತಾರೆ, ನಾನೂ — ಹೂಂ ಅಂದುಕೊಂಡೇ ಬಂದಿದ್ದೇನೆ.

ಅವನನ್ನು ಇಲ್ಲಿ ಮಲ್ಲಣ್ಣ ಕಾಕಾ ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ. ತಿಂಥಣಿಯ ಕೆಳಗೆ, ಕೃಷ್ಣೆಯ ದಂಡೆಯ ನಮ್ಮೂರಿನಲ್ಲಿ ಮೀನು ಹಿಡಿದು ಬದುಕುವವನು. ಅವನ ಒಬ್ಬಳೇ ಮಗಳು ರೇಣುಕಾ ಬಟ್ಟೆ ಒಗೆಯಲು ಹೋದವಳು ಹೊಳೆ ಪಾಲಾಗಿದ್ದಳು. ಅದಾದ ಆರು ತಿಂಗಳಿಗೆ ನಮ್ಮ ಗೆಳೆಯರ ಬಳಗ ನಾಟಕ ಕಲಿಯತೊಡಗಿತು. ನನ್ನದು ಮಗಳನ್ನು ಹೊಳೆಗೆ ಕಳೆದುಕೊಂಡ ಗೌಡನ ಪಾತ್ರ. ತಾಲೀಮಿನಲ್ಲಿ ನಾನು ಎಷ್ಟು ಎದೆ ಬಡಿದುಕೊಂಡರೂ ನಾಟಕ ಕಲಿಸುವ ಮಾಸ್ತರರಿಗೆ ಸಮಾಧಾನವಿಲ್ಲ. ಒಂದು ದಿನ ಹಾರ್ಮೋನಿಯಂ ಪೇಟಿ ಬಾರಿಸುವುದನ್ನೇ ನಿಲ್ಲಿಸಿಬಿಟ್ಟರು.

"ನೀ ಅಳಾಕತ್ತಿ ಖರೆ, ನೋಡಾವ್ರಿಗಿ ನಗು ಬರ್ತದ. ಮಗಳನ್ನ ಕಳಕೊಂಡಾವನ ಮಾರಿ ಒಮ್ಮೆರ ನೋಡೀಯೇನು?"

ನೋಡಿರಲಿಲ್ಲ. ನೋಡಲು ಹೋದೆ.

ಸಂಜೆ ಗೊಬ್ಬರದ ಅಂಗಡಿಯ ಕೆಲಸ ಮುಗಿಸಿ ದಿನಾ ಕಾಕಾನ ಮನೆಗೆ. ಅಷ್ಟೊತ್ತಿಗೆ ಊರವರು ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದರು — ದುಃಖದ ಮನೆಗೆ ಎಷ್ಟು ದಿನ ಅಂತ ಹೋಗುತ್ತಾರೆ? ನನ್ನನ್ನು ಕಂಡರೆ ಅವನ ಮುಖ ಒಂದಿಷ್ಟು ಗೆಲುವಾಗುತ್ತಿತ್ತು. ಹೆಂಡತಿ ನಾಗಮ್ಮ ಚಿಗವ್ವ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು. ಕಾಕಾ ರೊಟ್ಟಿ ಮುರಿದು ಅರ್ಧ ಪಕ್ಕಕ್ಕಿಡುತ್ತಿದ್ದ — ರೇಣುಕಾಳಿಗೆ ಅಪ್ಪನ ತಾಟಿನದೇ ಬೇಕಿತ್ತಂತೆ — ಆಮೇಲೆ ಎಚ್ಚರಾಗಿ, ಅದನ್ನು ಮತ್ತೆ ತಾಟಿಗೆ ಹಾಕಿ, ಕೈಯನ್ನು ತೊಡೆಗೆ ಒರೆಸಿಕೊಳ್ಳುತ್ತಿದ್ದ. ಮೂರು ಸಲ. ಉಣ್ಣುತ್ತ ಉಣ್ಣುತ್ತಲೇ ಲೆಕ್ಕ ಇಟ್ಟಿದ್ದೆ. ಉಂಡ ಮನೆಯ ಜಂತಿ ಎಣಿಸಬಾರದು ಅಂತಾರೆ. ನಾನು ಎಣಿಸಿದ್ದಷ್ಟೇ ಅಲ್ಲ, ಕಿತ್ತುಕೊಂಡೇ ಬಂದೆ.

ಒಂದು ದಿನ ಚಿಗವ್ವ ನೀರು ತರಲು ಹೋದಾಗ ಅವನು ಬಾಯಿ ಬಿಟ್ಟ. ಮಗಳು ಹೊಳೆ ಪಾಲಾದ ದಿನ ಚಿಗವ್ವ ಹುಣಸಗಿಯ ತವರಿಗೆ ಹೋಗಿದ್ದಳು. ರೇಣುಕಾ ಮೈ ಬಿಸಿಯಾಗಿದೆ, ಹೊಳೆಗೆ ಹೋಗಲಾರೆ ಅಂದಿದ್ದಳು. ಇವನೇ ಬೈದು ಕಳಿಸಿದ್ದ.

"'ಹೊಳಿ ಏನ್ ನಿನ್ನ ನುಂಗ್ತದೇನು, ನಡಿ' ಅಂದೆ ತಮ್ಮಾ. ಇದೇ ಬಾಯಿಲೆ ಅಂದೆ. ನಿಮ್ಮ ಚಿಗವ್ವಗ ಇನ್ನಾ ಹೇಳಿಲ್ಲ. ಹೇಳ್ತೀನಿ... ಧೈರ್ಯ ಆಗವಲ್ದು."

ನಾನು ಅವನ ಕೈ ಹಿಡಿದುಕೊಂಡೆ. ಕಣ್ಣಲ್ಲಿ ನೀರೂ ಬಂತು — ಅದು ಸುಳ್ಳಲ್ಲ. ಆದರೆ ಆ ನೀರಿನ ಹಿಂದೆಯೇ — ಹೇಗೆ ಹೇಳಲಿ — ಸಿಕ್ಕಿತು, ಸಿಕ್ಕಿತು ಅಂತ ಒಳಗೊಬ್ಬ ಕುಣಿಯುತ್ತಿದ್ದ.

ನಾಟಕದ ದಿನ ಇಡೀ ಊರು ಸೇರಿತ್ತು. ರೊಟ್ಟಿ ಮುರಿದೆ, ಅರ್ಧ ಪಕ್ಕಕ್ಕಿಟ್ಟೆ, ಕೈ ಒರೆಸಿಕೊಂಡೆ. ಆಮೇಲೆ ಆ ಮಾತು — ಕಾಕಾನ ದನಿಯಲ್ಲೇ. ಸಿಳ್ಳೆ, ಚಪ್ಪಾಳೆ, "ಒನ್ಸ್ ಮೋರ್! ಒನ್ಸ್ ಮೋರ್!" ನಮ್ಮ ಕಡೆ ಒನ್ಸ್ ಮೋರ್ ಬಿದ್ದರೆ ಅದೇ ದೃಶ್ಯವನ್ನು ಮತ್ತೆ ಆಡಿ ತೋರಿಸಬೇಕು, ಜನ ಬಿಡುವುದಿಲ್ಲ. ಆಡಿದೆ. ಮತ್ತೆ ಕೂಗಿದರು. ಮೂರನೆಯ ಸಲ ಆಡುವಾಗ ಹೆಂಗಸರ ನಡುವಿನಿಂದ ನಾಗಮ್ಮ ಚಿಗವ್ವ ಎದ್ದು ಹೋಗುವುದು ಕಂಡಿತು. ರೊಟ್ಟಿ ಮುರಿಯುವ ಕೈ ತನ್ನ ಗಂಡನದು ಎಂದು ಗೊತ್ತಾದವಳಿಗೆ ಮಾತು ಯಾರದೆಂದು ಗೊತ್ತಾಗದಿರುತ್ತದೆಯೇ? ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಇನ್ನೂ ದನಿ ಏರಿಸಿದೆ.

ಮೆಚ್ಚಿದ ಪಾತ್ರಧಾರಿಗೆ ನಾಟಕದ ನಡುವೆಯೇ ಆಯೇರಿ ಮಾಡುವುದು ನಮ್ಮಲ್ಲಿ ರೂಢಿ. ಟಾವೆಲ್ಲೋ ಶಾಲೋ ತಂದವರು ಮೊದಲೇ ಹೆಸರು ಬರೆಸಿರುತ್ತಾರೆ. ಚಪ್ಪಾಳೆ ಇಳಿಯುವ ಮುಂಚೆಯೇ ಮೈಕಿನಲ್ಲಿ ಕೂಗಿದರು — ಮೊದಲ ಹೆಸರೇ ಮಲ್ಲಣ್ಣ ಕಾಕಾನದು. ಊರೆದುರು ಹೆಸರು ಕೂಗಿದ ಮೇಲೆ ಬಾರದೆ ಇರುವುದು ಹೇಗೆ? ಬಂದ. ಹೊಸ ಟಾವೆಲ್ ನನ್ನ ಹೆಗಲಿಗೆ ಹಾಕಿದ. ಮೈಕಿಗೆ ಕೇಳದಂತೆ ಒಂದೇ ಮಾತು ಕೇಳಿದ.

"ಇದರ ಸಲುವಾಗೇನು ತಮ್ಮಾ, ನೀ ದಿನಾ ನಮ್ಮ ಮನಿಗಿ ಬರ್ತಿದ್ದಿ?"

ಜನ ಅದನ್ನು ಆಶೀರ್ವಾದ ಅಂದುಕೊಂಡು ಮತ್ತೆ ಚಪ್ಪಾಳೆ ತಟ್ಟಿದರು. ನಾನು ಬಗ್ಗಿ ಅವನ ಕಾಲು ಮುಟ್ಟಿದೆ. ಅದೂ ನಾಟಕವೇ.

ಮರುದಿನ ತವರಿಗೆ ಹೋದ ಚಿಗವ್ವ ತಿರುಗಿ ಬರಲಿಲ್ಲ. ಕಾಕಾ ಕರೆಯಲು ಹೋಗಲಿಲ್ಲ — ಯಾವ ಮುಖ ಹೊತ್ತು ಹೋಗಬೇಕು? ಚಿಗವ್ವ ಹೋದ ಮೇಲೆ ಆ ಮಾತು ಯಾರದೆಂದು ಊರಲ್ಲಿ ಕೆಲವರಿಗಾದರೂ ತಿಳಿದಿತ್ತು; ಸಂತೆಯಲ್ಲಿ ಮೀನು ಇಟ್ಟುಕೊಂಡು ಕೂತರೆ ಹಿಂದಿನಿಂದ ಯಾರೋ ಒನ್ಸ್ ಮೋರ್ ಅನ್ನುತ್ತಿದ್ದರು. ಇಷ್ಟೆಲ್ಲ ಕಣ್ಣಾರೆ ಕಂಡೂ ನಾನು ಅದೇ ಮಾತನ್ನು ಸುರಪುರದಲ್ಲಿ ಹೇಳಿ ಬಹುಮಾನ ತೆಗೆದುಕೊಂಡೆ. ಶಹಾಪುರದಲ್ಲಿ ಹೇಳಿದೆ, ಯಾದಗಿರಿಯಲ್ಲಿ ಹೇಳಿದೆ. ಆ ಒಂದು ಸಾಲು ಬಿಟ್ಟಿದ್ದರೆ ನಾಟಕವೇನೂ ಬಿದ್ದುಹೋಗುತ್ತಿರಲಿಲ್ಲ. ಚಪ್ಪಾಳೆಯ ರುಚಿ ಹತ್ತಿತ್ತು, ಬಿಡಲಿಲ್ಲ.

ಹೋದ ತಿಂಗಳು ಊರಿನ ಹೊಸ ಬಳಗದವರು ಬಂದು, "ಆ ಸೀನ್ ಒಮ್ಮಿ ಮಾಡಿ ತೋರಸ್ರಿ, ಮೊಬೈಲ್‌ನಾಗ ಹಿಡಕೋತೀವಿ" ಅಂದರು. ಆಗುವುದಿಲ್ಲ ಅಂದೆ. ಮರುದಿನ ಹುಣಸಗಿ ಬಸ್ಸು ಹತ್ತಿದೆ. ಚಿಗವ್ವ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ತಪ್ಪಾಯಿತು ಅಂದೆ. ಅವಳ ಕೈ ನಿಲ್ಲಲಿಲ್ಲ.

"ಅವರು ಎಂದರ ಒಂದಿನ ನನಗ ಹೇಳ್ತಿದ್ರು," ಅಂದಳು. "ನಾ ಅವರ ಜೋಡಿ ಕುಂತು ಅಳ್ತಿದ್ದೆ. ನೀ ಮೊದಲೇ ಹೇಳಿಬಿಟ್ಟಿ. ಮಂದಿ ಸಿಳ್ಳಿ ಹೊಡದ್ರು. ಆ ಸಿಳ್ಳಿ ಕೇಳಿದ ಮ್ಯಾಲ ನಾ ಆ ಮನ್ಯಾಗ ಹ್ಯಾಂಗ ಬಾಳ್ವಿ ಮಾಡ್ಲಿ?"

ಆಮೇಲೆ ಕಾಕಾನ ಬಗ್ಗೆ ಇನ್ನೊಂದು ಮಾತು ಹೇಳಿದಳು. ಕೇಳಿದ ಕೂಡಲೇ ಓಡಿಹೋಗಿ ಅವನಿಗೆ ಮುಟ್ಟಿಸಬೇಕು ಅನ್ನಿಸಿತು. "ಕಾಕಾಗ ಹೇಳ್ಲೇನು?" ಅಂದೆ — ಕಾಕಾನನ್ನು ಅಂದೇ ಕೇಳಬೇಕಿತ್ತು, ನಿನ್ನ ಮಾತು ನಾಟಕದಲ್ಲಿ ಹೇಳಲೇ ಎಂದು. ಕೇಳಿರಲಿಲ್ಲ.

"ಬ್ಯಾಡ. ಹೇಳೋದಿದ್ರ ನಾನೇ ಹೇಳ್ತೀನಿ."

ಕಾಕಾ ಈಗಲೂ ಸಂಜೆ ಹೊಳೆಯ ದಂಡೆಗೆ ಒಬ್ಬನೇ ಕೂತಿರುತ್ತಾನೆ. ನಾನು ಅದೇ ದಾರಿಯಲ್ಲಿ ಬರುತ್ತೇನೆ; ಅವನು ತಿರುಗಿ ನೋಡುವುದಿಲ್ಲ. ಚಿಗವ್ವನ ಮಾತು ದಿನಾ ನನ್ನ ಗಂಟಲವರೆಗೆ ಬಂದು ನಿಲ್ಲುತ್ತದೆ. ಅವನಿಗೆ ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ.